ಸಾಲ ಇಳಿಸ್ತೀನಿ ಅಂದೋರನ್ನ ಸೋಲಿಸಿದ್ದು ಯಾರು?

ಮಾನ್ಯ ಸಂಪಾದಕರೇ,

ಅಮೆರಿಕದ ಸಾಲ 38 ಟ್ರಿಲಿಯನ್ ಡಾಲರ್ ದಾಟಿದ ಸುದ್ದಿ, ಆಮೇಲೆ ಅದರ ಮೇಲೆ ಬಂದ ಓದುಗರ ಪತ್ರಗಳು ಎಲ್ಲಾನೂ ಇಲ್ಲಿ ಕೂತು ಇ-ಪೇಪರಲ್ಲಿ ಓದಿದೆ. ಒಬ್ರು ಬರೆದಿದ್ರು, ರಿಪಬ್ಲಿಕನ್ನರದ್ದು ಬಿಗಿ ಕೈ, ಡೆಮಾಕ್ರಾಟರು ದುಂದುಗಾರರು, ಅದಕ್ಕೇ ಈ ಗತಿ ಬಂತು ಅಂತ. ಇನ್ನೊಬ್ರು ಅವರಿಗೆ ಉತ್ತರ ಕೊಡ್ತಾ ಎಲ್ಲಾ ಟ್ರಂಪ್ ಒಬ್ಬರದ್ದೇ ಕೆಲಸ ಅಂದಿದ್ರು. ಇಬ್ರೂ ಪಕ್ಷಗಳನ್ನ ಚೆನ್ನಾಗೇ ಬೈದಿದೀರ, ಬೈಸ್ಕೊಳ್ಳೋ ಯೋಗ್ಯತೆ ಎರಡಕ್ಕೂ ಇದೆ, ಆದ್ರೆ ಮತದಾರನ ಹೆಸರೇ ಇಬ್ಬರ ಪತ್ರದಲ್ಲೂ ಇಲ್ವಲ್ಲ ಸ್ವಾಮಿ. ಪೆನ್ಸಿಲ್ವೇನಿಯಾದಲ್ಲಿ ಓಟು ಇರೋ ತಿಪಟೂರಿನವನು ನಾನು, ಹಾಗಾಗಿ ಇಲ್ಲಿನ ಮತದಾರ ಮಾಡಿರೋ ಕೆಲಸದ ಬಗ್ಗೆ ನಾಲ್ಕು ಮಾತು ಬರೀತೀನಿ, ಉದ್ದ ಆದ್ರೆ ಕತ್ತರಿ ನಿಮ್ಮ ಕೈಲಿದೆ.

ಮೊದಲು ಲೆಕ್ಕ. 38 ಟ್ರಿಲಿಯನ್ ಅಂದ್ರೆ ನಮ್ಮ ಎಣಿಕೇಲಿ 38 ಲಕ್ಷ ಕೋಟಿ, ಅದೂ ಡಾಲರಲ್ಲಿ. ಇವತ್ತು ಹುಟ್ಟಿದ ಕೂಸಿಂದ ಹಿಡಿದು ಹಣ್ಣು ಮುದುಕರ ತನಕ ತಲೆಗೆ ಒಂದು ಲಕ್ಷ ಡಾಲರಿಗೂ ಮೇಲೆ ಬೀಳುತ್ತೆ. ಇದನ್ನೆಲ್ಲ ಚೀನಾ ಕೊಟ್ಟಿದೆ ಅಂತ ವಾಟ್ಸಾಪಲ್ಲಿ ಓಡಾಡ್ತಿರುತ್ತೆ, ಅದು ಸುಳ್ಳು. ಜಾಸ್ತಿ ಪಾಲು ಸಾಲ ಕೊಟ್ಟಿರೋರು ಅಮೆರಿಕನ್ನರೇ, ಅವರ ಮ್ಯೂಚುವಲ್ ಫಂಡುಗಳು, ಬ್ಯಾಂಕುಗಳು, ಅವರದೇ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ (ಫೆಡ್), ಸರ್ಕಾರದ್ದೇ ಪೆನ್ಷನ್ ನಿಧಿಗಳು. ಹೊರಗಿನವರಲ್ಲಿ ಜಪಾನ್ ಮೊದಲು, ಅದು ಒಂದು ಟ್ರಿಲಿಯನ್ನಿಗೂ ಮೇಲೆ ಕೊಟ್ಟಿದೆ. ನಮ್ಮ ರಿಸರ್ವ್ ಬ್ಯಾಂಕ್ ಕೂಡ ತನ್ನ ಡಾಲರ್ ನಿಧೀಲಿ ಒಂದು ದೊಡ್ಡ ಭಾಗ ಈ ಸಾಲದ ಬಾಂಡಲ್ಲೇ ಇಟ್ಟಿದೆ.

ಇನ್ನು ವಿಷಯಕ್ಕೆ ಬರ್ತೀನಿ. 1984ರಲ್ಲಿ ರೇಗನ್ ವಿರುದ್ಧ ಡೆಮಾಕ್ರಾಟ್ ಕಡೆಯಿಂದ ನಿಂತಿದ್ದು ವಾಲ್ಟರ್ ಮಾಂಡೇಲ್. ಆ ಮನುಷ್ಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಕ್ಷದ ಸಮಾವೇಶದಲ್ಲಿ ನಿಂತು, ಖಜಾನೆ ಖಾಲಿ ಇದೆ, ಯಾರು ಗೆದ್ರೂ ತೆರಿಗೆ ಏರಿಸ್ಲೇಬೇಕು, ರೇಗನ್ ಅದನ್ನ ಹೇಳಲ್ಲ, ನಾನು ಹೇಳ್ತಿದೀನಿ ಅಂತ ನೇರವಾಗಿ ಹೇಳಿಬಿಟ್ರು. ಫಲಿತಾಂಶ ಏನಾಯ್ತು ಗೊತ್ತಾ? 50 ರಾಜ್ಯದಲ್ಲಿ 49 ರೇಗನ್ ಪಾಲಾಯ್ತು, ಮಾಂಡೇಲ್‌ಗೆ ಸಿಕ್ಕಿದ್ದು ತಮ್ಮ ತವರು ಮಿನ್ನೆಸೋಟಾ ಮತ್ತೆ ರಾಜಧಾನಿ ವಾಷಿಂಗ್ಟನ್ ಅಷ್ಟೇ. ಸೋಲಿಗೆ ಅದೊಂದೇ ಕಾರಣ ಅಂತ ನಾನು ಹೇಳಲ್ಲ, ಆರ್ಥಿಕತೆ ಚೇತರಿಸ್ಕೊಂಡಿತ್ತು, ರೇಗನ್ ಮಾತಿನ ಮೋಡಿನೇ ಬೇರೆ. ಆದ್ರೆ ಅವತ್ತಿಂದ ಇವತ್ತಿನ ತನಕ ಯಾವ ಪಕ್ಷದ ಅಧ್ಯಕ್ಷೀಯ ಅಭ್ಯರ್ಥೀನೂ ಸಾಮಾನ್ಯ ಜನಕ್ಕೆ ತೆರಿಗೆ ಏರಿಸ್ತೀನಿ ಅಂತ ಬಾಯಿಬಿಟ್ಟು ಹೇಳೋ ಧೈರ್ಯ ಮಾಡಿಲ್ಲ. ತಮಾಷೆ ಏನಂದ್ರೆ ತೆರಿಗೆ ಇಳಿಸಿದ ವೀರ ಅಂತ ಹೆಸರಾದ ರೇಗನ್ ಅದಕ್ಕೆ ಮೊದಲೇ 1982ರಲ್ಲಿ ಸದ್ದಿಲ್ಲದೆ ಒಂದಷ್ಟು ತೆರಿಗೆ ಏರಿಸಿದ್ರು. ಅವರು ಬಂದಾಗ ಒಂದು ಟ್ರಿಲಿಯನ್ನಿಗೆ ಸ್ವಲ್ಪ ಕಮ್ಮಿ ಇದ್ದ ಸಾಲ ಹೋಗೋ ಹೊತ್ತಿಗೆ ಹತ್ತಿರ ಹತ್ತಿರ ಮೂರು ಪಟ್ಟು ಆಗಿತ್ತು. ಬಿಗಿ ಕೈ ಅಂದವರು ಇದನ್ನ ಸ್ವಲ್ಪ ಗಮನಿಸ್ಬೇಕು.

ಆಮೇಲೆ ಬಂದೋರು ದೊಡ್ಡ ಬುಷ್. 1988ರಲ್ಲಿ, ನನ್ನ ತುಟಿ ನೋಡ್ಕೊಳ್ಳಿ, ಹೊಸ ತೆರಿಗೆ ಇಲ್ಲ ಅಂತ ಸಿನಿಮಾ ಡೈಲಾಗ್ ತರ ಹೇಳಿ ಗೆದ್ರು. 1990ರಲ್ಲಿ ಕೊರತೆ ಕೈಮೀರಿದಾಗ ಡೆಮಾಕ್ರಾಟರ ಜೊತೆ ಕೂತು ಒಪ್ಪಂದ ಮಾಡ್ಕೊಂಡ್ರು, ಖರ್ಚಿಗೆ ಕಡಿವಾಣ, ಮೇಲಿನವರ ತೆರಿಗೆ 28ರಿಂದ 31 ಪರ್ಸೆಂಟು, ಜೊತೆಗೆ ಹೊಸ ಖರ್ಚು ತರೋನು ಅದಕ್ಕೆ ದುಡ್ಡು ಎಲ್ಲಿಂದ ಅಂತ ತೋರಿಸ್ಲೇಬೇಕು ಅನ್ನೋ ನಿಯಮ. ನನ್ನ ಪ್ರಕಾರ ಈ ನಲವತ್ತು ವರ್ಷದಲ್ಲಿ ಒಬ್ಬ ರಿಪಬ್ಲಿಕನ್ ಅಧ್ಯಕ್ಷ ಸಾಲದ ವಿಷಯದಲ್ಲಿ ಮಾಡಿದ ಒಂದೇ ಒಂದು ಜವಾಬ್ದಾರಿ ಕೆಲಸ ಅದು. ಅದಕ್ಕೆ ಸಿಕ್ಕ ಬಹುಮಾನ ನೋಡಿ. ಸ್ವಂತ ಪಕ್ಷದಲ್ಲೇ ನ್ಯೂಟ್ ಗಿಂಗ್ರಿಚ್ ಬಣ ತಿರುಗಿಬಿತ್ತು, 1992ರ ಪ್ರೈಮರೀಲಿ, ಅಂದ್ರೆ ಪಕ್ಷದ ಒಳಚುನಾವಣೇಲಿ, ಪ್ಯಾಟ್ ಬುಕಾನನ್ ಎದುರು ನಿಂತ್ರು, ಕೊನೆಗೆ ಕ್ಲಿಂಟನ್ ಅದೇ ತುಟಿ ಡೈಲಾಗನ್ನ ಜಾಹೀರಾತಲ್ಲಿ ಮತ್ತೆ ಮತ್ತೆ ತೋರಿಸಿ ಸೋಲಿಸಿದ್ರು.

ಅದೇ 1992ರಲ್ಲಿ ರಾಸ್ ಪೆರೋ ಅಂತ ಟೆಕ್ಸಸ್ಸಿನ ಸಾಹುಕಾರ ಯಾವ ಪಕ್ಷವೂ ಇಲ್ಲದೆ ನಿಂತಿದ್ರು. ದುಡ್ಡು ಕೊಟ್ಟು ಟಿವಿ ಟೈಮು ಕೊಂಡು ಅರ್ಧರ್ಧ ಗಂಟೆ ಚಾರ್ಟು ಹಿಡ್ಕೊಂಡು ಸಾಲದ ಬಗ್ಗೆ ಪಾಠ ಮಾಡೋರು, ಜನ ಕೂತು ನೋಡೋರು! ಸುಮಾರು 19 ಪರ್ಸೆಂಟ್ ಓಟು ಬಂತು, ಒಂದು ಕೋಟಿ 97 ಲಕ್ಷ ಜನ ಹಾಕಿದ್ರು. ಅಧ್ಯಕ್ಷರನ್ನ ಕೊನೆಗೆ ಆರಿಸೋ, ರಾಜ್ಯವಾರು ಹಂಚಿರೋ ಎಲೆಕ್ಟೋರಲ್ ಓಟು ಎಷ್ಟು ಬಂತು? ಸೊನ್ನೆ. ಇಲ್ಲಿ ಮೇನ್ ಮತ್ತೆ ನೆಬ್ರಾಸ್ಕ ಬಿಟ್ಟು ಬೇರೆಲ್ಲಾ ಕಡೆ ರಾಜ್ಯದಲ್ಲಿ ಒಂದು ಓಟು ಜಾಸ್ತಿ ತಗೊಂಡೋರಿಗೆ ಆ ರಾಜ್ಯದ ಎಲೆಕ್ಟೋರಲ್ ಓಟು ಪೂರ್ತಿ ಹೋಗುತ್ತೆ, ಹಾಗಾಗಿ ದೇಶದ ಉದ್ದಗಲಕ್ಕೂ ಐದರಲ್ಲಿ ಒಂದು ಓಟು ತಗೊಂಡ್ರೂ ಎಲ್ಲೂ ಮೊದಲನೇ ಸ್ಥಾನ ಬರದಿದ್ರೆ ಕೈಗೆ ಏನೂ ಹತ್ತಲ್ಲ. ಮೂರನೇ ಪಕ್ಷ ಯಾಕಿಲ್ಲ ಅಂತ ಊರಲ್ಲಿ ಕೇಳೋರಿಗೆ ಉತ್ತರ ಇದೇ. 2025ರಲ್ಲಿ ಎಲಾನ್ ಮಸ್ಕ್ ಕೂಡ ಸಾಲದ ಸಿಟ್ಟಲ್ಲೇ ಅಮೆರಿಕ ಪಾರ್ಟಿ ಅಂತ ಘೋಷಣೆ ಮಾಡಿದ್ರು, ಅದು ಘೋಷಣೆ ಹಂತದಲ್ಲೇ ತಣ್ಣಗಾಯ್ತು.

ಈಗ ನಾನು ಇರೋ ಜಾಗದ್ದೇ ಒಂದು ಕತೆ ಹೇಳ್ಬೇಕು, ಇಡೀ ಪತ್ರ ಬರೆಯೋಕೆ ಕಾರಣಾನೇ ಇದು. ಫಿಲಡೆಲ್ಫಿಯಾ ಪಕ್ಕದ ಮಾಂಟ್ಗೊಮರಿ ಕೌಂಟಿ, ಆಗ ರಿಪಬ್ಲಿಕನ್ನರ ಭದ್ರ ಕೋಟೆ, 1992ರಲ್ಲಿ ಇಲ್ಲಿಂದ ಮಾರ್ಜರಿ ಮಾರ್ಗೋಲೀಸ್ ಮೆಜ್ವಿನ್ಸ್ಕಿ ಅಂತ ಒಬ್ಬ ಡೆಮಾಕ್ರಾಟ್ ಹೆಣ್ಣುಮಗಳು ಕೂದಲೆಳೆಯಲ್ಲಿ ಗೆದ್ದು ಸಂಸತ್ತಿನ ಕೆಳಮನೆಗೆ ಹೋಗಿದ್ರು. ಮರುವರ್ಷ ಆಗಸ್ಟಲ್ಲಿ ಕ್ಲಿಂಟನ್ ಬಜೆಟ್ ಓಟಿಗೆ ಬಂತು. ಶ್ರೀಮಂತರ ತೆರಿಗೆ 39.6 ಪರ್ಸೆಂಟಿಗೆ, ಪೆಟ್ರೋಲ್ ಮೇಲೆ ಗ್ಯಾಲನ್ನಿಗೆ 4.3 ಸೆಂಟ್ ಜಾಸ್ತಿ, ಕೊರತೆ ಇಳಿಸೋದೇ ಉದ್ದೇಶ. ಒಬ್ಬೇ ಒಬ್ಬ ರಿಪಬ್ಲಿಕನ್ ಅದಕ್ಕೆ ಕೈ ಎತ್ತಲಿಲ್ಲ. ಈಯಮ್ಮ ತೆರಿಗೆ ಏರಿಸಲ್ಲ ಅಂತ ಕ್ಷೇತ್ರಕ್ಕೆ ಮಾತು ಕೊಟ್ಟು ಬಂದೋರು. ಕೊನೇ ಗಳಿಗೇಲಿ ಕ್ಲಿಂಟನ್ ಫೋನ್ ಮಾಡಿದ್ರು, ಈಯಮ್ಮ ಹೋಗಿ ಹೂಂ ಅಂತ ಓಟು ಹಾಕಿದ್ರು, 218ಕ್ಕೆ 216, ಬಜೆಟ್ ಪಾಸಾಯ್ತು. ಸದನದಲ್ಲಿ ಎದುರು ಪಕ್ಷದವರು ಬೈ ಬೈ ಮಾರ್ಜರಿ ಅಂತ ಕೈ ಬೀಸಿ ಕೂಗಿದ್ರು. ಮೇಲ್ಮನೆ ಸೆನೆಟಲ್ಲಿ 50-50 ಆಗಿ ಉಪಾಧ್ಯಕ್ಷ ಅಲ್ ಗೋರ್ ತಮ್ಮ ಓಟು ಹಾಕಿ ಪಾಸು ಮಾಡಿಸ್ಬೇಕಾಯ್ತು.

1994ರಲ್ಲಿ ಈ ಕೌಂಟಿ ಜನ ಈಯಮ್ಮನ್ನ ನಿಜವಾಗ್ಲೂ ಬೈ ಬೈ ಅಂತ ಮನೆಗೆ ಕಳಿಸಿದ್ರು. ದೇಶದ ತುಂಬಾ ಡೆಮಾಕ್ರಾಟರು ನೆಲ ಕಚ್ಚಿ 40 ವರ್ಷ ಆದಮೇಲೆ ಮೊದಲನೇ ಸಲ ಕೆಳಮನೆ ರಿಪಬ್ಲಿಕನ್ನರ ಕೈಗೆ ಹೋಯ್ತು. ಆದ್ರೆ 1998ರಿಂದ 2001ರ ತನಕ ಸತತ ನಾಲ್ಕು ವರ್ಷ ಅಮೆರಿಕದ ಬಜೆಟ್ ಉಳಿತಾಯದಲ್ಲಿತ್ತು, 2000ದಲ್ಲಿ 236 ಬಿಲಿಯನ್ ಡಾಲರ್ ಮಿಗ್ತು. ಇಂಟರ್ನೆಟ್ ಕಂಪನಿಗಳ ಭರಾಟೆಯಿಂದ ತೆರಿಗೆ ಹರಿದು ಬಂದಿದ್ದು ನಿಜ, ಗಿಂಗ್ರಿಚ್ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಖರ್ಚಿಗೆ ಅಡ್ಡ ನಿಂತಿದ್ದೂ ನಿಜ, ಆದ್ರೆ ದೊಡ್ಡ ಬುಷ್ ಅವರ 1990ರ ಒಪ್ಪಂದ, ಈಯಮ್ಮನ 1993ರ ಓಟು ಎರಡೂ ಇಲ್ಲದೆ ಆ ಉಳಿತಾಯ ಬರ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆ ಎರಡು ಕೆಲಸ ಮಾಡಿದ ಇಬ್ರನ್ನೂ ಮತದಾರ ಮನೆಗೆ ಕಳಿಸಿದ. (ಅಂದಹಾಗೆ ಮುಂದೆ 2010ರಲ್ಲಿ ಕ್ಲಿಂಟನ್ ಮಗಳು ಚೆಲ್ಸೀನ ಮದುವೆ ಆಗಿದ್ದು ಈಯಮ್ಮನ ಮಗನೇ, ರಾಜಕೀಯದಲ್ಲಿ ಕಳ್ಕೊಂಡು ಬೀಗರಾದ್ರು.) ಅವತ್ತು ಏರಿಸಿದ ಪೆಟ್ರೋಲ್ ತೆರಿಗೆ ಇದೆಯಲ್ಲ, ಗ್ಯಾಲನ್ನಿಗೆ 18.4 ಸೆಂಟು, ಅದನ್ನ 1993ರ ನಂತರ ಇವತ್ತಿನವರೆಗೂ ಒಂದು ಪೈಸೆ ಏರಿಸಿಲ್ಲ. ಯಾರಿಗೂ ಮಾರ್ಜರಿ ಆಗೋಕೆ ಇಷ್ಟ ಇಲ್ಲ ನೋಡಿ.

ನ್ಯೂಯಾರ್ಕಿಗೆ ಬಂದ ನೆಂಟರು ಸಾಲದ ಗಡಿಯಾರದ ಮುಂದೆ ನಿಂತು ಫೋಟೋ ತೆಗೆಸ್ಕೋತಾರೆ, ಅದನ್ನ 1989ರಲ್ಲಿ ಒಬ್ಬ ಬಿಲ್ಡರ್ ಹಾಕಿಸಿದ್ದು. 2000ದಲ್ಲಿ ಸಾಲ ಇಳೀತಾ ಇದೆ ಅಂತ ಅದನ್ನ ನಿಲ್ಲಿಸಿಬಿಟ್ಟಿದ್ರು ಅಂದ್ರೆ ಈಗ ಯಾರೂ ನಂಬಲ್ಲ. 2002ರಲ್ಲಿ ಮತ್ತೆ ಆನ್ ಮಾಡಿದ್ರು.

ಯಾಕಂದ್ರೆ ಉಳಿತಾಯದ ದುಡ್ಡು ಕಂಡ ಕೂಡ್ಲೇ ಹಂಚೋ ಆತುರ ಬಂತು. 2000ದ ಎಲೆಕ್ಷನ್ನಲ್ಲಿ ಗೋರ್ ಆ ದುಡ್ಡನ್ನ ಸೋಶಿಯಲ್ ಸೆಕ್ಯೂರಿಟಿಗೆ, ಅಂದ್ರೆ ವಯಸ್ಸಾದೋರ ಸರ್ಕಾರಿ ಪೆನ್ಷನ್ನಿಗೆ, ಬೀಗ ಹಾಕಿಡಬೇಕು ಅಂತ ಹೇಳಿದ್ದೇ ಹೇಳಿದ್ದು, ಟಿವಿ ಹಾಸ್ಯದವರು ಆಡ್ಕೊಂಡು ನಕ್ಕರು. ಎದುರು ನಿಂತಿದ್ದ ದೊಡ್ಡ ಬುಷ್ ಮಗ ಚಿಕ್ಕ ಬುಷ್, ಇದು ನಿಮ್ಮ ದುಡ್ಡು ವಾಪಸ್ ತಗೊಳ್ಳಿ ಅಂದ್ರು. ಫ್ಲೋರಿಡಾದಲ್ಲಿ 537 ಓಟಿನ ಅಂತರದಲ್ಲಿ ಚಿಕ್ಕ ಬುಷ್ ಗೆದ್ರು, ದೇಶದ ದಾರಿ ತಿರುಗ್ತು. 2001ರ ಜನವರೀಲಿ ಫೆಡ್ ಮುಖ್ಯಸ್ಥ ಗ್ರೀನ್‌ಸ್ಪಾನ್ ಸೆನೆಟ್ ಮುಂದೆ ಕೂತು, ಸಾಲ ಬೇಗ ತೀರಿಹೋದ್ರೆ ಉಳಿಯೋ ದುಡ್ಡು ಸರ್ಕಾರ ಎಲ್ಲಿ ಹಾಕೋದು ಅನ್ನೋ ಚಿಂತೆ ತೋಡ್ಕೊಂಡಿದ್ರು, ಇವತ್ತು ಓದಿದ್ರೆ ಅಳಬೇಕೋ ನಗಬೇಕೋ ಗೊತ್ತಾಗಲ್ಲ. ಎರಡು ತೆರಿಗೆ ಕಡಿತ, ಎರಡು ಯುದ್ಧ, ಮುದುಕರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರಲ್ಲಿ ಔಷಧಿಗೆ ಹೊಸ ಸ್ಕೀಮು, ಯಾವುದಕ್ಕೂ ದುಡ್ಡಿನ ಮೂಲ ತೋರಿಸ್ಲಿಲ್ಲ, 2008ರಲ್ಲಿ ಬ್ಯಾಂಕುಗಳು ಬಿದ್ವು, ಚಿಕ್ಕ ಬುಷ್ ಹೋಗೋವಾಗ ಸಾಲ 10.6 ಟ್ರಿಲಿಯನ್. ಒಬಾಮಾ ಹೋಗೋವಾಗ ಸುಮಾರು 20. ಟ್ರಂಪ್ ಮೊದಲನೇ ಅವಧಿ ಮುಗಿದಾಗ ಹತ್ತಿರ ಹತ್ತಿರ 28. ಬೈಡನ್ ಬಿಟ್ಟಾಗ 36. ಇದರಲ್ಲಿ ಮಂದಗತಿ ಇತ್ತು, ಕೋವಿಡ್ ಇತ್ತು, ಅಂಥಾ ಹೊತ್ತಲ್ಲಿ ಸಾಲ ಮಾಡದೆ ಬೇರೆ ದಾರಿ ಇರಲಿಲ್ಲ ಅಂತ ನಾನೂ ಒಪ್ತೀನಿ. 2020ರಲ್ಲಿ ಒಂದೇ ವರ್ಷ 3.1 ಟ್ರಿಲಿಯನ್ ಕೊರತೆ ಆಯ್ತು, ಜನ ಬದುಕಿದ್ರು. ನನ್ನ ತಕರಾರು 2017ರ ಬಗ್ಗೆ. ಕೆಲಸ ಸಿಗ್ತಿದ್ದ, ಸುಗ್ಗಿ ಇದ್ದ ಕಾಲದಲ್ಲಿ ಕಂಪನಿಗಳ ತೆರಿಗೇನ 35ರಿಂದ 21ಕ್ಕೆ ಇಳಿಸಿದ್ದು ಯಾವ ಕಷ್ಟಕ್ಕೆ? ಎಂಟು ವರ್ಷದಲ್ಲಿ ಪೂರ್ತಿ ಸಾಲ ತೀರಿಸ್ತೀನಿ ಅಂತ 2016ರಲ್ಲಿ ಹೇಳಿದ್ದೂ ಇದೇ ಟ್ರಂಪ್.

ಈ ಮಧ್ಯೆ ಒಂದು ವಿಷಯ, ಊರಿನ ಟಿವಿ ಚಾನೆಲ್‌ಗಳು ಶಟ್‌ಡೌನ್ ಮತ್ತೆ ಡೆಟ್ ಸೀಲಿಂಗ್ ಎರಡನ್ನೂ ಕಲಸಿ ಅಮೆರಿಕ ದಿವಾಳಿ ಅಂತ ಕೆಂಪು ಪಟ್ಟಿ ಓಡಿಸ್ತಾರೆ. ಎರಡೂ ಬೇರೆ. ವರ್ಷದ ಖರ್ಚಿಗೆ ಕಾಂಗ್ರೆಸ್ ಒಪ್ಪಿಗೆ ಸಿಗದಿದ್ರೆ ಕಚೇರಿ ಬಾಗಿಲು ಹಾಕೋದು ಶಟ್‌ಡೌನ್. 2025ರ ಅಕ್ಟೋಬರ್ 1ರಿಂದ 43 ದಿನ ಆಗಿದ್ದು ಅದು, ಜಗಳ ಆರೋಗ್ಯ ವಿಮೆ ಸಬ್ಸಿಡಿ ಬಗ್ಗೆ. ಡೆಟ್ ಸೀಲಿಂಗ್ ಅಂದ್ರೆ ಆಗಲೇ ಒಪ್ಪಿರೋ ಖರ್ಚಿಗೆ ಸಾಲ ಎತ್ತೋಕೆ ಇನ್ನೊಂದು ಸಲ ಅನುಮತಿ ಕೇಳೋದು, ಹೋಟೆಲಲ್ಲಿ ಮನೆಮಂದಿ ಎಲ್ಲ ಮಸಾಲೆ ದೋಸೆ ತಿಂದು ಕೈ ತೊಳೆದಾದ ಮೇಲೆ ಬಿಲ್ ಕೊಡೋಣ್ವಾ ಬೇಡ್ವಾ ಅಂತ ಓಟಿಗೆ ಹಾಕಿದ ಹಾಗೆ. 1917ರಿಂದ ಈ ಪದ್ಧತಿ ಇದೆ. ತಾವು ವಿರೋಧ ಪಕ್ಷದಲ್ಲಿದ್ದಾಗ ಇದು ದೇಶದ ಭವಿಷ್ಯದ ಪ್ರಶ್ನೆ, ಅಧಿಕಾರಕ್ಕೆ ಬಂದ್ರೆ ಬರೀ ಒಂದು ಫಾರ್ಮಾಲಿಟಿ, ಇದು ಎರಡೂ ಪಕ್ಷದ್ದೂ ಹಾಡು. 2011ರಲ್ಲಿ ರಿಪಬ್ಲಿಕನ್ನರ ಟೀ ಪಾರ್ಟಿ ಬಣದವರು ಇದನ್ನ ಇಟ್ಕೊಂಡು ಎಷ್ಟು ಎಳೆದಾಡಿದ್ರು ಅಂದ್ರೆ ಸಾಲಗಾರರಿಗೆ ಮಾರ್ಕ್ಸ್ ಕೊಡೋ ರೇಟಿಂಗ್ ಸಂಸ್ಥೆ ಎಸ್ ಆಂಡ್ ಪಿ ಮೊದಲನೇ ಸಲ ಅಮೆರಿಕದ ರೇಟಿಂಗ್ ಇಳಿಸ್ತು. 2023ರಲ್ಲಿ ಫಿಚ್ ಇಳಿಸ್ತು. 2025ರ ಮೇ ತಿಂಗಳಲ್ಲಿ ಮೂಡೀಸ್ ಕೂಡ ಇಳಿಸ್ತು, ಈಗ ಮೂರರಲ್ಲಿ ಒಂದರ ಹತ್ರಾನೂ ಪೂರ್ತಿ ಮಾರ್ಕ್ಸ್ ಇಲ್ಲ. ಮೂಡೀಸ್ ಇಳಿಸಿ ಎರಡು ತಿಂಗಳೂ ಆಗಿರಲಿಲ್ಲ, ಜುಲೈ 4ಕ್ಕೆ ಟ್ರಂಪ್ ತಾವು ದೊಡ್ಡ ಸುಂದರ ಅಂತ ಕರೆದ ತೆರಿಗೆ ಕಡಿತದ ಮಸೂದೆಗೆ ಸಹಿ ಹಾಕಿದ್ರು, ಕಾಂಗ್ರೆಸ್ಸಿನದೇ ಬಜೆಟ್ ಕಚೇರಿ ಲೆಕ್ಕದಲ್ಲಿ ಹತ್ತು ವರ್ಷಕ್ಕೆ 3.4 ಟ್ರಿಲಿಯನ್ ಹೆಚ್ಚುವರಿ ಕೊರತೆ. ಅದೇ ಮಸೂದೆ ಒಳಗೆ ಸಾಲದ ಮಿತೀನೂ 5 ಟ್ರಿಲಿಯನ್ ಏರಿಸಿದ್ರು, ಟೀ ಪಾರ್ಟಿ ಕಾಲದಲ್ಲಿ ಕೂಗಾಡಿದ ಪಕ್ಷವೇ ಏರಿಸಿದ್ದು, ಯಾರೂ ಬೀದಿಗೆ ಇಳೀಲಿಲ್ಲ.

ಆ ಮಸೂದೆಗೆ ಸಾಲದ ಕಾರಣ ಕೊಟ್ಟು ಕೊನೇ ತನಕ ಬೇಡ ಅಂದ ರಿಪಬ್ಲಿಕನ್ನರು ಬೆರಳೆಣಿಕೆ. ಕೆಳಮನೇಲಿ ಕೆಂಟಕಿಯ ಥಾಮಸ್ ಮ್ಯಾಸಿ, ಎಂಐಟಿಯಲ್ಲಿ ಓದಿದ ಎಂಜಿನಿಯರ್, ಕ್ಷಣ ಕ್ಷಣಕ್ಕೂ ಏರೋ ಸಾಲದ ಅಂಕಿ ತೋರಿಸೋ ಪುಟ್ಟ ಬ್ಯಾಡ್ಜನ್ನ ತಾನೇ ಮಾಡ್ಕೊಂಡು ಕೋಟಿಗೆ ಸಿಕ್ಕಿಸ್ಕೊಂಡು ಓಡಾಡ್ತಾರೆ. ಸೆನೆಟಲ್ಲಿ ಅದೇ ರಾಜ್ಯದ ರ‍್ಯಾಂಡ್ ಪಾಲ್. ಮ್ಯಾಸಿ ವಿರುದ್ಧ ಪ್ರೈಮರೀಲಿ ಆಳು ನಿಲ್ಲಿಸಿ ಸೋಲಿಸ್ತೀವಿ ಅಂತ ಟ್ರಂಪ್ ಬಹಿರಂಗವಾಗೇ ಹೇಳಿದ್ರು. ನಾರ್ತ್ ಕೆರೊಲಿನಾದ ಸೆನೆಟರ್ ಥಾಮ್ ಟಿಲ್ಲಿಸ್ ಬಡವರ ಆರೋಗ್ಯ ಯೋಜನೆಗೆ ಕತ್ತರಿ ಬೀಳುತ್ತೆ ಅಂತ ವಿರೋಧ ಮಾಡಿದ್ರು, ಅವರಿಗೂ ಅದೇ ಬೆದರಿಕೆ ಬಂತು, ಮರುದಿನವೇ ಇನ್ನು ಚುನಾವಣೆಗೆ ನಿಲ್ಲಲ್ಲ ಅಂದ್ಬಿಟ್ರು. ಡೆಮಾಕ್ರಾಟ್ ಕಡೆಯದ್ದೂ ಕೇಳಿ. ಆ 43 ದಿನದ ಶಟ್‌ಡೌನ್ ಮುಗಿಸೋಕೆ ಎಂಟು ಸೆನೆಟರ್‌ಗಳು ಪಕ್ಷ ಮೀರಿ ಓಟು ಹಾಕಿದ್ರಲ್ಲ, ಆ ಎಂಟರಲ್ಲಿ ಒಬ್ಬರೂ 2026ರಲ್ಲಿ ಚುನಾವಣೆ ಎದುರಿಸೋರಲ್ಲ. ಇಬ್ರು ನಿವೃತ್ತಿ ಆಗೋರು, ಮಿಕ್ಕವರ ಸರದಿ 2028ಕ್ಕೋ 2030ಕ್ಕೋ ಬರುತ್ತೆ. ಜನರ ಮುಂದೆ ಹೋಗಬೇಕಾಗಿದ್ದವರು ಯಾರೂ ಗೆರೆ ದಾಟಲಿಲ್ಲ.

ಇದಕ್ಕೆ ಕಾರಣ ಪ್ರೈಮರಿ ಅನ್ನೋ ಒಳಚುನಾವಣೆ. ನಮ್ಮಲ್ಲಿ ಟಿಕೆಟ್ ಹಂಚೋದು ಹೈಕಮಾಂಡು, ಇಲ್ಲಿ ಟಿಕೆಟ್ ಕೊಡೋದೂ ಮತದಾರನೇ, ಕೇಳೋಕೆ ಬಹಳ ಚೆಂದ. ಆದ್ರೆ ಪ್ರೈಮರಿಗೆ ಬಂದು ಓಟು ಹಾಕೋರು ಸ್ವಲ್ಪ ಜನ, ಅವರು ಪಕ್ಷದ ಕಟ್ಟಾಳುಗಳು, ಎದುರು ಪಕ್ಷದ ಜೊತೆ ರಾಜಿ ಅಂದ್ರೆ ಉರಿದು ಬೀಳೋರು. ಕ್ಷೇತ್ರಗಳ ಗೆರೇನೂ ಬಹಳಷ್ಟು ರಾಜ್ಯಗಳಲ್ಲಿ ಅಲ್ಲಿ ಅಧಿಕಾರದಲ್ಲಿರೋ ಪಕ್ಷ ತನಗೆ ಬೇಕಾದ ಹಾಗೆ ಎಳ್ಕೊಳ್ಳುತ್ತೆ, 2025ರಲ್ಲಿ ಟೆಕ್ಸಸ್ ಎಳೀತು, ಅದಕ್ಕೆ ಸೇಡಾಗಿ ಕ್ಯಾಲಿಫೋರ್ನಿಯಾ ಎಳೀತು. ಹೀಗಾಗಿ ಬಹಳಷ್ಟು ಕಡೆ ನವೆಂಬರ್ ಚುನಾವಣೆ ಶಾಸ್ತ್ರಕ್ಕೆ ಮಾತ್ರ. ನಮ್ಮ ಚಿಕ್ಕೋಡೀಲಿ ಹುಟ್ಟಿ ಬೆಳಗಾವೀಲಿ ಬೆಳೆದ ಶ್ರೀ ಥಾನೇದಾರ್ ಇದಾರಲ್ಲ, ಡೆಟ್ರಾಯಿಟ್ ಕ್ಷೇತ್ರದಿಂದ ಡೆಮಾಕ್ರಾಟ್ ಸಂಸದರಾದೋರು, ಅವರು 2022ರಲ್ಲಿ ಬಹಳ ಜನ ನಿಂತಿದ್ದ ಪ್ರೈಮರೀಲಿ ಮೂರರಲ್ಲಿ ಒಂದು ಪಾಲೂ ಬರದ ಓಟಲ್ಲಿ ಗೆದ್ರು, ಅಲ್ಲಿಗೇ ಸೀಟು ಸಿಕ್ಕ ಹಾಗಾಯ್ತು. ಅವರನ್ನ ದೂರ್ತಾ ಇಲ್ಲ, ಆಟದ ನಿಯಮ ಇರೋದೇ ಹಾಗೆ. ಇಂಥ ಕ್ಷೇತ್ರದಿಂದ ಬಂದೋರಿಗೆ, ಅವರು ಯಾವ ಪಕ್ಷದವರೇ ಆಗಿರ್ಲಿ, ಎದುರು ಪಕ್ಷದ ಜೊತೆ ಕೂತು ಸ್ವಲ್ಪ ತೆರಿಗೆ ಏರಿಸೋಣ ಸ್ವಲ್ಪ ಖರ್ಚು ಇಳಿಸೋಣ ಅಂತ ಮಾತಾಡೋದ್ರಿಂದ ಲಾಭ ಏನಿದೆ ಹೇಳಿ?

ಇನ್ನು ನಮ್ಮಂಥ ಪೈಪೋಟಿ ರಾಜ್ಯಗಳಲ್ಲಿ ಏನಾಗುತ್ತೆ ಅಂದ್ರೆ ಹರಾಜು. 2024ರಲ್ಲಿ ಹೋಟೆಲ್ ಕೆಲಸದವರ ಟಿಪ್ಸ್ ಮೇಲೆ ತೆರಿಗೆ ಇಲ್ಲ ಅಂತ ಟ್ರಂಪ್ ಲಾಸ್ ವೇಗಸ್ಸಲ್ಲಿ ಘೋಷಣೆ ಮಾಡಿದ್ರು, ಎರಡು ತಿಂಗಳಿಗೆ ಅದೇ ಲಾಸ್ ವೇಗಸ್ಸಲ್ಲಿ ಕಮಲಾ ಹ್ಯಾರಿಸ್ ಅದನ್ನೇ ಹೇಳಿದ್ರು, ಯಾಕಂದ್ರೆ ನೆವಾಡಾ ಯಾರ ಕಡೆಗಾದ್ರೂ ಹೋಗಬಹುದಾಗಿದ್ದ ರಾಜ್ಯ. ಇಬ್ಬರ ಭರವಸೆಗಳನ್ನೂ ಕೂಡಿಸಿ ಕಳೆದು ನೋಡಿದ ಬಜೆಟ್ ತಜ್ಞರ ಸಂಸ್ಥೆಯೊಂದು, ಇಬ್ರೂ ಸಾಲ ಏರಿಸೋರೇ, ಟ್ರಂಪ್‌ದು ಹ್ಯಾರಿಸ್‌ದಕ್ಕಿಂತ ಸುಮಾರು ಎರಡು ಪಟ್ಟು ಅಂತ ಹೇಳ್ತು. ಅಂದ್ರೆ ಸಾಲ ಇಳೀಲಿ ಅನ್ನೋ ಮತದಾರನಿಗೆ ಬ್ಯಾಲೆಟ್ಟಲ್ಲಿ ಇದ್ದ ಆಯ್ಕೆ ಕಡಿಮೆ ಸಾಲ ಮಾಡೋರು ಯಾರು ಅನ್ನೋದು ಮಾತ್ರ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಟ್ರಂಪ್ ಗೆದ್ದಿದ್ದು ಸುಮಾರು ಒಂದು ಲಕ್ಷ 20 ಸಾವಿರ ಓಟಲ್ಲಿ. ಸಾಮಾನು ರೇಟು, ಗಡಿ, ಗರ್ಭಪಾತ, ಪ್ರಜಾಪ್ರಭುತ್ವ ಎಲ್ಲಾದರ ಬಗ್ಗೆ ಬಾಗಿಲು ತಟ್ಟಿ ಮಾತಾಡಿದ್ರು, ನಮ್ಮನೆಗೆ ಬಂದ ಕಾರ್ಯಕರ್ತರು ಒಬ್ರಾದ್ರೂ ಸಾಲದ ಬಗ್ಗೆ ತುಟಿ ಬಿಚ್ಚಿದ್ದು ನೆನಪಿಲ್ಲ.

ಬಡ್ಡಿ ಮಾತ್ರ ಸುಮ್ಮನೆ ಕೂರಲ್ಲ. ಕೋವಿಡ್ ಟೈಮಲ್ಲಿ ಬಡ್ಡಿ ದರ ಸೊನ್ನೆ ಹತ್ರ ಇತ್ತು, ಸಾಲ ಎಷ್ಟಾದ್ರೂ ತಾಳ್ಕೋಬಹುದಾಗಿತ್ತು. 2022ರಿಂದ ಫೆಡ್ ದರ ಏರಿಸ್ತು, ಹಳೇ ಬಾಂಡು ಮುಗಿದ ಹಾಗೆಲ್ಲ ಹೊಸ ದರದಲ್ಲಿ ಸಾಲ ಎತ್ತಬೇಕಾಯ್ತು. 2021ರಲ್ಲಿ ಸುಮಾರು 350 ಬಿಲಿಯನ್ ಇದ್ದ ವರ್ಷದ ಬಡ್ಡಿ 2024ಕ್ಕೆ 880 ಬಿಲಿಯನ್ ಆಯ್ತು, ಸೈನ್ಯದ ಖರ್ಚಿಗಿಂತ ಜಾಸ್ತಿ. ಮಸ್ಕ್ ಎರಡು ಟ್ರಿಲಿಯನ್ ಉಳಿಸ್ತೀನಿ ಅಂತ ಬಂದು ವಿದೇಶಿ ನೆರವಿನ ಇಲಾಖೆ ಮುಚ್ಚಿಸಿದ್ರು, ವಿದೇಶಿ ನೆರವು ಅನ್ನೋದೇ ಒಟ್ಟು ಖರ್ಚಿನ ಒಂದು ಪರ್ಸೆಂಟ್ ಆಸುಪಾಸು, ಅದನ್ನ ಪೂರ್ತಿ ನಿಲ್ಲಿಸಿದ್ರೂ ಬಡ್ಡಿಯ ಒಂದು ತಿಂಗಳ ಕಂತಿಗೆ ಸರಿಹೋಗುತ್ತೆ ಅಷ್ಟೇ. ದುಡ್ಡು ಹೋಗೋ ದಾರಿ ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್, ಬಡವರ ಆರೋಗ್ಯ ಯೋಜನೆ ಮೆಡಿಕೈಡ್, ರಕ್ಷಣೆ ಮತ್ತೆ ಬಡ್ಡಿ. ಮೊದಲಿನ ಎರಡನ್ನ ಮುಟ್ಟಲ್ಲ ಅಂತ ಎರಡೂ ಪಕ್ಷ ಆಣೆ ಮಾಡಿವೆ, ಯಾಕಂದ್ರೆ ತಪ್ಪದೆ ಓಟು ಹಾಕೋರು ವಯಸ್ಸಾದೋರು. ಮುಟ್ಟದೇ ಇದ್ರೆ ಏನಾಗುತ್ತೆ ಅಂತ ಆ ನಿಧಿಯ ಟ್ರಸ್ಟಿಗಳೇ ವರ್ಷಾ ವರ್ಷಾ ಬರೆದು ಕೊಡ್ತಾರೆ, 2025ರ ವರದಿ ಪ್ರಕಾರ 2033ಕ್ಕೆ ಪೆನ್ಷನ್ ನಿಧಿ ಬರಿದಾಗುತ್ತೆ, ಆಮೇಲೆ ಕಾನೂನಿನ ಪ್ರಕಾರ ತಾನಾಗೇ 23 ಪರ್ಸೆಂಟ್ ಕಡಿತ. ಏನೂ ಮಾಡದೆ ಇರೋದೂ ಒಂದು ಕಡಿತಾನೇ, ಆದ್ರೆ ಅದಕ್ಕೆ ಯಾರೂ ಓಟು ಹಾಕಬೇಕಾಗಿಲ್ಲ, ಯಾರ ಹೆಸರೂ ಕೆಡಲ್ಲ.

ನಮ್ಮ ಕನ್ನಡ ಕೂಟದ ಊಟದ ಸಾಲಲ್ಲಿ ಈ ಮಾತು ಬಂದಾಗ ಒಂದು ತಮಾಷೆ ನೋಡ್ತೀನಿ. ಊರಲ್ಲಿ ಗೃಹಲಕ್ಷ್ಮಿ 2,000 ರೂಪಾಯಿ, ಹೆಂಗಸರಿಗೆ ಫ್ರೀ ಬಸ್ಸು ಅಂದ್ರೆ ಬಿಟ್ಟಿ ಭಾಗ್ಯ ಅಂತ ಹೊಟ್ಟೆ ಉರ್ಕೊಳ್ಳೋ ಅದೇ ಬಾಯಿ, ಇಲ್ಲಿ ರಾಜ್ಯ ತೆರಿಗೆ, ಮನೆ ತೆರಿಗೆ ಕಟ್ಟಿದ್ದನ್ನ ಕೇಂದ್ರದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯೋ ವಿನಾಯಿತಿ ಮಿತಿ 10,000 ಡಾಲರಿಂದ 40,000ಕ್ಕೆ ಏರಿದ್ದನ್ನ ಬಹಳ ಸಂತೋಷದಿಂದ ಹೇಳ್ಕೊಳ್ಳುತ್ತೆ, ಅದೂ ಅದೇ ದೊಡ್ಡ ಮಸೂದೇಲಿ ಬಂದ ಬಿಟ್ಟಿ ಭಾಗ್ಯ ತಾನೇ, ಸಾಲದ ದುಡ್ಡಲ್ಲೇ ಕೊಟ್ಟಿದ್ದು ತಾನೇ. ಅದನ್ನ ಹೇಳಿದ್ರೆ ಮೊಸರನ್ನ ಹಾಕ್ಕೋತೀರಾ ಅಂತ ಮಾತು ತಿರುಗಿಸ್ತಾರೆ. ಅದೇ ಮಸೂದೇಲಿ ಊರಿಗೆ ಕಳಿಸೋ ದುಡ್ಡಿನ ಮೇಲೆ ತೆರಿಗೆ ಬಂತಲ್ಲ ಅಂತ ಗಾಬರಿ ಆಗಿದ್ದೋರಿಗೆ ಒಂದು ಮಾತು, ಮೊದಲು 5 ಪರ್ಸೆಂಟ್ ಅಂದಿದ್ದು ಕೊನೆಗೆ 1ಕ್ಕೆ ಇಳೀತು, ಅದೂ 2026ರ ಜನವರಿಯಿಂದ ನಗದು, ಮನಿ ಆರ್ಡರ್, ಕ್ಯಾಶಿಯರ್ ಚೆಕ್ ಕೊಟ್ಟು ಕಳಿಸೋರಿಗೆ ಮಾತ್ರ. ಬ್ಯಾಂಕ್ ಅಕೌಂಟಿಂದ ಅಪ್ಪ ಅಮ್ಮನಿಗೆ ಕಳಿಸೋ ದುಡ್ಡಿಗೆ ಇಲ್ಲ.

ಕೊನೇದಾಗಿ, ಈ ಪತ್ರ ಕರ್ನಾಟಕದ ಪತ್ರಿಕೆಗೇ ಯಾಕೆ ಬರೀತಿದೀನಿ ಅನ್ನೋದಕ್ಕೆ. ಎಚ್-1ಬಿ ವೀಸಾದಲ್ಲಿ ಬೆಂಗಳೂರಿಂದ ಬಂದಿರೋ ಹುಡುಗರು ಹುಡುಗೀರು ಸಂಬಳದಲ್ಲಿ 6.2 ಪರ್ಸೆಂಟ್ ಆ ಸೋಶಿಯಲ್ ಸೆಕ್ಯೂರಿಟಿ ನಿಧಿಗೆ ಕಟ್ತಾರೆ, ಕಂಪನಿ ಇನ್ನೊಂದು 6.2 ಕಟ್ಟುತ್ತೆ. ಒಂದು ಲಕ್ಷ ಡಾಲರ್ ಸಂಬಳ ಅಂದ್ರೆ ವರ್ಷಕ್ಕೆ ಎರಡೂ ಸೇರಿ 12,400 ಡಾಲರ್. ಹತ್ತು ವರ್ಷದ ದುಡಿಮೆ ಪೂರ್ತಿ ಆಗೋ ಮೊದಲೇ ಊರಿಗೆ ವಾಪಸ್ ಹೋದ್ರೆ ಪೆನ್ಷನ್ ಬರಲ್ಲ, ಕಟ್ಟಿದ್ದೂ ವಾಪಸ್ ಇಲ್ಲ. ಜಪಾನ್, ಜರ್ಮನಿ, ದಕ್ಷಿಣ ಕೊರಿಯಾ ಅಂತ ಸುಮಾರು 30 ದೇಶಗಳ ಜೊತೆ ಅಮೆರಿಕ ಒಪ್ಪಂದ ಮಾಡ್ಕೊಂಡಿದೆ, ಆ ದೇಶದವರಿಗೆ ಈ ನಷ್ಟ ಇಲ್ಲ. ಭಾರತ ವರ್ಷಗಟ್ಟಲೆಯಿಂದ ಕೇಳ್ತಾನೇ ಇದೆ, ಆಗಿಲ್ಲ. ಓಟಿಲ್ಲದೆ, ಪೆನ್ಷನ್ ಇಲ್ಲದೆ, ಬರಿದಾಗ್ತಿರೋ ಆ ನಿಧಿಗೆ ದುಡ್ಡು ತುಂಬ್ತಿರೋರಲ್ಲಿ ನಮ್ಮವರು ಎಷ್ಟು ಜನ ಇದಾರೋ. ವ್ಯಾಪಾರ ಒಪ್ಪಂದದ ಮಾತು ಬಂದಾಗೆಲ್ಲ ಸುಂಕ, ಬಾದಾಮಿ, ಹಾಲು ಅಂತ ಚರ್ಚೆ ಆಗುತ್ತೆ, ಇದರ ಬಗ್ಗೆ ಕರ್ನಾಟಕದ ನಮ್ಮ 28 ಸಂಸದರಲ್ಲಿ ಯಾರ್ಯಾರು ಏನು ಕೇಳಿದಾರೆ ಅಂತ ನಿಮ್ಮ ದೆಹಲಿ ವರದಿಗಾರರು ಒಂದು ಸಲ ವಿಚಾರಿಸಿ ಬರೆದ್ರೆ ಉಪಕಾರ ಆಗುತ್ತೆ. ನಾನು ನನ್ನ ಕಡೆಯಿಂದ 2026ರ ನವೆಂಬರ್ 3ರ ಚುನಾವಣೆಗೆ ನಿಲ್ಲೋ ಇಬ್ರೂ ಅಭ್ಯರ್ಥಿಗಳಿಗೆ ಒಂದೇ ಪ್ರಶ್ನೆ ಇಮೇಲ್ ಮಾಡ್ತೀನಿ, 2033ಕ್ಕೆ ಏರಿಸೋದು ಯಾವುದು, ಇಳಿಸೋದು ಯಾವುದು ಅಂತ, ಉತ್ತರ ಬಂದ್ರೆ ನಿಮಗೂ ಕಳಿಸ್ತೀನಿ.

ಇಂತಿ,
ತಿಪಟೂರು ಮೂಲದ ಓದುಗ,
ಮಾಂಟ್ಗೊಮರಿ ಕೌಂಟಿ, ಪೆನ್ಸಿಲ್ವೇನಿಯಾ